ಭೀಮಬಾಯಿ ಹೆಸರಿನಲ್ಲಿ ಸಾವಿರದ ಮುನ್ನೂರ ಹನ್ನೆರಡು ಪುಸ್ತಕ

ಬೋರವಾಡಿಯ ಗ್ರಂಥಾಲಯ ಮೇಲ್ವಿಚಾರಕ ಶಿವಕಾಂತನಿಗೆ ಪುಸ್ತಕಗಳ ಬಗ್ಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ, ಅವುಗಳ ಒಳಗೆ ಏನಿದೆ ಎನ್ನುವುದೊಂದನ್ನು ಬಿಟ್ಟರೆ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಯಾವುದಕ್ಕೆ ಗೆದ್ದಲು ಹತ್ತಿದೆ, ಯಾವುದರ ರಟ್ಟು ಕಿತ್ತಿದೆ, ಮಧ್ಯಾಹ್ನ ಯಾವುದನ್ನು ತಲೆಗಿಟ್ಟುಕೊಂಡು ಮಲಗಿದರೆ ಕುತ್ತಿಗೆ ಹಿಡಿಯುವುದಿಲ್ಲ, ಎಲ್ಲವೂ ಬಾಯಿಪಾಠ. ಹದಿನಾಲ್ಕು ವರ್ಷದ ಸೇವೆಯಲ್ಲಿ ಒಂದೇ ಒಂದು ಪುಸ್ತಕವನ್ನೂ ಅವನು ಕೊನೆಯ ಪುಟದವರೆಗೆ ಓದಿರಲಿಲ್ಲ. ಯಾರಾದರೂ ಕೇಳಿದರೆ, "ಮಿಠಾಯಿ ಅಂಗಡಿಯಾಂವ ತಾನೇ ತಿನ್ಕೋತ ಕೂತ್ರ ಗಿರಾಕಿಗಿ ಏನು ಕೊಡ್ತಾನ್ರಿ?" ಎನ್ನುತ್ತಿದ್ದ.

ಬೋರವಾಡಿ ಔರಾದ ತಾಲೂಕಿನದು. ಎಕಂಬಾ ದಾಟಿ ಇನ್ನೂ ಒಳಗೆ ಹೋಗಬೇಕು. ದಿನಕ್ಕೆ ಎರಡು ಸಲ ಬಸ್ಸು ಬರುತ್ತದೆ ಎಂದು ಬೋರ್ಡಿನಲ್ಲಿ ಬರೆದಿದೆ, ಬೋರ್ಡು ಮಾತ್ರ ದಿನಾ ಇರುತ್ತದೆ.

ಶಿವಕಾಂತ ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರವರು ಒಯ್ದ ಪುಸ್ತಕ ತಿರುಗಿ ಬರುತ್ತಿರಲಿಲ್ಲ. ಕೇಳಿದರೆ "ನಾಳಿ ಕೊಡ್ತೇನ್ರಿ" ಎನ್ನುತ್ತಿದ್ದರು. ಆ ನಾಳೆ ಯಾವತ್ತೂ ಇವತ್ತಾಗಲಿಲ್ಲ. ತಲೆ ಕೆಟ್ಟು ಕೂತಾಗ ಅವನಿಗೊಂದು ಹೊಳೆಯಿತು. ಇದೇ ಊರಿನಲ್ಲಿ ಕುರಿ ಕಾಯುವ ಮುದುಕಿ ಭೀಮಬಾಯಿ ಆಯಿಯ ಮನೆಯಿಂದ ಒಯ್ದ ಸಾಮಾನು ಒಂದೂ ಒಯ್ದವರ ಬಳಿ ಉಳಿಯುತ್ತಿರಲಿಲ್ಲ. ನಿಚ್ಚಣಿಕೆಯಿರಲಿ, ಅಳತೆಯ ಸೇರಿರಲಿ, ಹಗ್ಗವಿರಲಿ, ಸಂಜೆಯೊಳಗೆ ವಾಪಸ್. ಯಾಕೆಂದರೆ ಕೊಡದಿದ್ದವರ ಹೆಸರನ್ನು, ಅವರ ಅಪ್ಪನ ಹೆಸರನ್ನು, ಒಯ್ದ ಸಾಮಾನಿನ ಹೆಸರನ್ನು ಆಯಿ ಬೆಳಿಗ್ಗೆ ತನ್ನ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದಳು. ಆಚೆ ಗುಡ್ಡದ ಕುರಿಯನ್ನು ಈಚೆ ಗುಡ್ಡದಿಂದ ಕರೆದು ಪಳಗಿದ ಗಂಟಲು ಅದು. ಮೂರು ಓಣಿ ಎದ್ದು ಕೂಡುತ್ತಿದ್ದವು.

ಅಂದಿನಿಂದ ಯಾರೇ ಪುಸ್ತಕ ಒಯ್ಯಲಿ, ರಿಜಿಸ್ಟರಿನಲ್ಲಿ ಒಯ್ದವರ ಹೆಸರು ಭೀಮಬಾಯಿ. ಒಯ್ಯುವಾಗ ಅವಳಿಗೊಂದು ಮಾತು ಹೇಳಬೇಕು, ತಿರುಗಿ ಕೊಡುವುದು ಅವಳ ಕಟ್ಟೆಯಲ್ಲಿ. ಸೋಮವಾರಕ್ಕೊಮ್ಮೆ ಪಕ್ಕದ ಮನೆಯ ಹಮೀದುನ್ನಿಸಾ ಅವನ್ನೆಲ್ಲ ಬುಟ್ಟಿಯಲ್ಲಿ ತಂದು ಗ್ರಂಥಾಲಯಕ್ಕೆ ಮುಟ್ಟಿಸುತ್ತಿದ್ದಳು. ಒಂದು ಪುಸ್ತಕವೂ ಕಳೆಯಲಿಲ್ಲ. ಶಿವಕಾಂತ ಮೊದಲ ಪುಟದ ಮೊದಲ ಸಾಲಿನಲ್ಲಿ ಭೀಮಬಾಯಿ ಎಂದು ಒಮ್ಮೆ ಬರೆದು, ಕೆಳಗೆ ಮೇಲಿನಂತೆ ಎಂದು ಎರಡು ಸಣ್ಣ ಗೀಟು ಎಳೆದ. ಆ ಗೀಟುಗಳು ಹದಿನಾಲ್ಕು ವರ್ಷ ಇರುವೆ ಸಾಲಿನಂತೆ ಪುಟದಿಂದ ಪುಟಕ್ಕೆ ನಡೆದವು.

ಹೀಗಿರುವಾಗ ಕಂಪ್ಯೂಟರು ಬಂತು. ಜಿಲ್ಲೆಯ ಎಲ್ಲ ಗ್ರಂಥಾಲಯಗಳ ಪುಸ್ತಕ, ಓದುಗರು, ಕೊಟ್ಟದ್ದು, ಬಂದದ್ದು ಎಲ್ಲವೂ ಇನ್ನು ಸಾಫ್ಟ್‌ವೇರಿನಲ್ಲಿರಬೇಕು, ಓದುಗರಿಲ್ಲದ ಗ್ರಂಥಾಲಯಗಳನ್ನು ತಾಲೂಕಿನ ಗ್ರಂಥಾಲಯಕ್ಕೆ ಸೇರಿಸಲಾಗುವುದು ಎಂದು ಆದೇಶವಾಯಿತು. ಮೇಲ್ವಿಚಾರಕರನ್ನೆಲ್ಲ ಬೀದರಕ್ಕೆ ಕರೆದು ಎಲೀನಾ ಮೇಡಂ ಎನ್ನುವವರು ಮೂರು ದಿನ ತರಬೇತಿ ಕೊಟ್ಟರು. ಮಿಷನ್ ಶಾಲೆಯ ಮಾಸ್ತರರ ಮಗಳು, ಮಾತು ಮೆತ್ತಗೆ, ಲೆಕ್ಕ ಬಲು ಬಿಗಿ. ಅವರು ಕಲಿಸಿದ ಹತ್ತು ವಿದ್ಯೆಗಳಲ್ಲಿ ಶಿವಕಾಂತನ ತಲೆಗೆ ಹತ್ತಿದ್ದು ಒಂದೇ: ಪರದೆಯ ಪಟ್ಟಿಯಲ್ಲಿ ಒಂದು ಚೌಕದ ಮನೆಯಲ್ಲಿ ಬರೆದ ಹೆಸರಿನ ಮೂಲೆ ಹಿಡಿದು ಮೌಸಿನಿಂದ ಕೆಳಗೆ ಎಳೆದರೆ ಅದೇ ಹೆಸರು ಕೆಳಗಿನ ಮನೆಗಳಲ್ಲೆಲ್ಲ ತಾನಾಗಿಯೇ ಕೂಡುತ್ತದೆ. ಆಹಾ, ಇದು ನನ್ನ ಗೀಟೇ ಅಲ್ಲವೇ ಎಂದು ಅವನಿಗೆ ಕಂಪ್ಯೂಟರಿನ ಮೇಲೆ ಮಮತೆಯೇ ಹುಟ್ಟಿತು. ಪುಸ್ತಕಗಳ ಹೆಸರನ್ನು, ಅವು ಹೋದ ಬಂದ ತಾರೀಖನ್ನು ಊರಿನಲ್ಲೇ ಟೈಪು ಮಾಡಿಸಿ ತಂದಿದ್ದ. ಭೀಮಬಾಯಿ ಎಂದು ಒತ್ತಿದ, ಹಿಡಿದ, ಎಳೆದ. ಭಾಲ್ಕಿ ಕಡೆಯ ಮೇಲ್ವಿಚಾರಕರು ಇನ್ನೂ ಮೂರನೇ ಪುಟದಲ್ಲಿ ಬೆವರುತ್ತಿದ್ದಾಗ ಇವನು ಕೈ ಎತ್ತಿ, "ಹದಿನಾಲ್ಕು ವರ್ಷದ್ದು ಖಲಾಸ್ ಆಯ್ತ್ರಿ ಮೇಡಂ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಜನ್ಮದಲ್ಲಿ ಮೊದಲ ಸಲ ಸಿಕ್ಕ ಚಪ್ಪಾಳೆ, ಊರು ಮುಟ್ಟುವವರೆಗೂ ಅವನ ಕಿವಿಯಲ್ಲಿತ್ತು.

ಹದಿನೈದು ದಿನಕ್ಕೆ ಮೇಡಂ ಫೋನ್ ಬಂತು.

"ಶಿವಕಾಂತ ಅವರೇ, ಈ ಭೀಮಬಾಯಿ ಯಾರ್ರಿ?"

"ನಮ್ಮ ಊರಿನ ಆಯಿ ಇದ್ದಾರ್ರಿ."

"ಏನು ಮಾಡ್ತಾರ್ರಿ?"

"ಕುರಿ ಕಾಯ್ತಾರ್ರಿ."

"ಕುರಿ ಕಾಯ್ಕೋತ ಸಾವಿರದ ಮುನ್ನೂರ ಹನ್ನೆರಡು ಪುಸ್ತಕ ಓದ್ಯಾರೇನ್ರಿ?"

ನಿಜ ಹೇಳಬೇಕೆಂದು ಶಿವಕಾಂತ ಬಾಯಿ ತೆರೆದ. ಅಷ್ಟರಲ್ಲಿ ಮೇಡಂ ಮುಂದುವರಿಸಿದರು: "ನಿಮ್ಮಲ್ಲಿ ಓದುಗರು ಒಬ್ಬರೇ ಅಂತ ಸಾಫ್ಟ್‌ವೇರ್ ತೋರಸ್ಲತದ. ಮುಚ್ಚೋ ಪಟ್ಟಿದಾಗ ನಿಮ್ಮದೇ ಮೊದಲನೇ ಹೆಸರಿತ್ತು. ಆದ್ರ ಆ ಒಬ್ಬರೇ ಇಡೀ ಜಿಲ್ಲಾದಾಗ ಎಲ್ಲರಕ್ಕಿಂತ ಹೆಚ್ಚು ಓದ್ಯಾರ. ಖರೇನಾ?"

ತೆರೆದ ಬಾಯಿಯಿಂದ ಬೇರೆಯದೇ ಮಾತು ಹೊರಬಿತ್ತು. "ಭಾಳ ಓದ್ತಾರ್ರಿ ಮೇಡಂ. ಕುರಿ ಮೇಯ್ತಿರ್ತಾವ, ಇವರು ಓದ್ತಿರ್ತಾರ."

"ಹಂಗಾರ ಬರೋ ಶುಕ್ರವಾರ ಬೀದರಕ್ಕ ಕರಕೊಂಡು ಬರ್ರಿ. ಸನ್ಮಾನ ಅದ. ದೊಡ್ಡ ಸಾಹೇಬರು ಆಯಿ ಜೋಡಿ ಮಾತಾಡಿ, ನಿಮ್ಮ ಗ್ರಂಥಾಲಯ ಉಳಸೂದೋ ಔರಾದಕ್ಕ ಸೇರಸೂದೋ ಅಲ್ಲೇ ಹೇಳ್ತಾರ."

ಫೋನಿಟ್ಟ ಮೇಲೆ ಶಿವಕಾಂತ ತಾನು ಏನು ಹೇಳಿಬಿಟ್ಟೆನೆಂದು ಲೆಕ್ಕ ಹಾಕಿದ. ಊರಿಗೆ ಊರೇ ಬಲ್ಲದು, ಭೀಮಬಾಯಿಗೆ ಒಂದಕ್ಷರವೂ ಬರುವುದಿಲ್ಲ. ಗ್ರಂಥಾಲಯ ಹೋದರೆ ಅವನ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ಊರವರು ಒಂದು ಪುಸ್ತಕಕ್ಕಾಗಿ ಔರಾದದ ಬಸ್ಸು ಕಾಯಬೇಕು, ಆ ಬಸ್ಸಿನ ಕಥೆ ಆಗಲೇ ಹೇಳಿದ್ದಾಗಿದೆ.

ಸುದ್ದಿ ಖಾಜಾ ಮಿಯಾನ ಚಹಾ ಹೋಟೆಲಿಗೆ ಶಿವಕಾಂತನಿಗಿಂತ ಮೊದಲೇ ತಲುಪಿತ್ತು. ಖಾಜಾ ಮಿಯಾ ಪತ್ತೇದಾರಿ ಪುಸ್ತಕಗಳ ಹುಚ್ಚ. ಗ್ರಂಥಾಲಯ ಮುಚ್ಚಿದರೆ ಎಲ್ಲರಿಗಿಂತ ಹೆಚ್ಚು ನಷ್ಟ ಅವನಿಗೇ.

"ಆಯಿಗಿ ಓದಲಿಕ್ಕ ಬರೂದಿಲ್ಲ ಅಂತ ಯಾರೂ ಬಾಯಿ ಬಿಡಬ್ಯಾಡ್ರಿ," ಎಂದು ಗಿರಾಕಿಗಳಿಗೆಲ್ಲ ತಾಕೀತು ಮಾಡಿದ. "ಊರ ಇಜ್ಜತ್ ಸವಾಲ್ ಅದ, ಮಾನ ಹೋಗ್ತದ. ಶಿವಕಾಂತ, ಒಂದು ಚಸ್ಮಾ ಹಾಕ್ಸು ಆಯಿಗಿ. ಚಸ್ಮಾ ಇದ್ದವರಿಗಿ ಯಾರೂ ಏನೂ ಕೇಳೂದಿಲ್ಲ."

"ಆಯಿ ಒಪ್ಪಬೇಕಲ್ಲ ಮಿಯಾ."

"ಅದು ಮುಶ್ಕಿಲ್ ಅದ. ನನಗ ಪುಸ್ತಕ ಓದಲಿಕ್ಕ ಎರಡು ದಿನ ಸಾಕು, ಆಯಿಗಿ ವಾಪಸ್ ಕೊಡಲಿಕ್ಕ ಮೂರು ತಾಸು ಬೇಕು. ಜಲ್ದಿ ಬಿಡೂದೇ ಇಲ್ಲ."

ಹಾಳೆ ಮಡಿಚಿದ್ದಕ್ಕೆ ಬೈಯುತ್ತಾಳೇನೋ ಎಂದುಕೊಂಡ ಶಿವಕಾಂತ. ಅವಳ ಕಟ್ಟೆಯಲ್ಲಿ ಏನು ನಡೆಯುತ್ತದೆಂದು ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಹನ್ನೊಂದು ವರ್ಷದಿಂದ ಅವನು ಆ ಓಣಿಯಲ್ಲೇ ಕಾಲಿಟ್ಟಿಲ್ಲ. ಮನೆಗೆ ಹೋಗಲು ಅದೇ ಸರಳ ದಾರಿಯಾದರೂ ಹನುಮಂತ ದೇವರ ಗುಡಿ ಸುತ್ತಿ ಹೋಗುತ್ತಿದ್ದ. ಪ್ರದಕ್ಷಿಣೆ ಹಾಕುವ ಭಕ್ತ ಎಂದು ಪೂಜಾರಿ ಅವನನ್ನು ಹೊಗಳುತ್ತಿದ್ದರು. ಅಸಲಿ ಕಾರಣ ಒಂದು ಪುಸ್ತಕ, ಅದಕ್ಕೆ ಆಮೇಲೆ ಬರೋಣ.

ಅವತ್ತೇ ಮಧ್ಯಾಹ್ನ, ಫೋನಿನಲ್ಲಿ ಸುದ್ದಿ ಕೇಳಿದ ಆಯಿಯ ತಮ್ಮ ಧೊಂಡಿಬಾ ಭಾಲ್ಕಿ ತಾಲೂಕಿನ ಮೆಹಕರದಿಂದ ಎರಡು ಬಸ್ಸು ಬದಲಿಸಿ ಬಂದಿಳಿದ. ಇಸ್ತ್ರಿ ಮಾಡಿದ ಧೋತರ, ಹೊಸ ಟೋಪಿ. "ನಮ್ಮ ಮನೆತನದಾಗ ವಿದ್ಯಾ ಮೊದಲಿಂದಲೂ ಅದ್ರಿ," ಎಂದು ಹೋಟೆಲಿನಲ್ಲಿ ಸಾರಿದ. "ನಮ್ಮಕ್ಕ ಸಣ್ಣಾಕಿ ಇದ್ದಾಗೇ ಗ್ವಾಡಿ ಮ್ಯಾಲ ಇದ್ದಲಿಲೇ ಬರೀತಿದ್ಲು."

"ಏನು ಬರೀತಿದ್ರು?" ಎಂದ ಖಾಜಾ ಮಿಯಾ.

"ಗೀಟು. ಒಂದು ಕುರಿಗಿ ಒಂದು."

ಶಿವಕಾಂತ ಗಟ್ಟಿ ಮನಸ್ಸು ಮಾಡಿ ಆಯಿಯ ಕಟ್ಟೆಗೆ ಹೋದ. ಆಯಿ ಉಣ್ಣೆ ನೂಲುತ್ತ ಕೂತಿದ್ದಳು. ತಲೆ ಎತ್ತದೆಯೇ ಕೇಳಿದಳು: "ಬಂದಿ ಏನೋ ಶಿವಕಾಂತ? ಆ ಗಡಿಯಾರದ ಪುಸ್ತಕ ತಂದಿ?"

"ಅದು ಇರಲಿ ಆಯಿ. ನಿನಗ ಬೀದರದಾಗ ಸನ್ಮಾನ ಮಾಡ್ತಾರಂತ."

"ನಾ ಏನು ಮಾಡೀನಿ ಅಂತ?"

"ಏನೂ ಮಾಡೂದು ಬ್ಯಾಡ. ಶಾಲು ಹೊದಸ್ತಾರ, ಹೊದ್ದಕೋ. ಹಾರ ಹಾಕ್ತಾರ, ಹಾಕಿಸ್ಕೋ. ಪುಸ್ತಕದ ಮಾತು ತೆಗೆದ್ರ, ಎಲ್ಲಾ ಪುಸ್ತಕ ಚಲೋ ಅವ ಅಂದುಬಿಡು."

"ಎಲ್ಲಾ ಎಲ್ಲಿ ಚಲೋ ಅವ? ಎಷ್ಟೋ ಖರಾಬ್ ಅವ. ಸುಳ್ಳು ಯಾಕ ಹೇಳ್ಲಿ?"

ಈ ಮಾತಿಗೆ ಶಿವಕಾಂತ ಕಿವಿಗೊಟ್ಟಿದ್ದರೆ ಅವನ ಒಂದು ವಾರದ ನಿದ್ದೆ ಉಳಿಯುತ್ತಿತ್ತು. ಆದರೆ ಅವನು ಚಸ್ಮಾ ತೆಗೆಯುವುದರಲ್ಲಿ ಮಗ್ನನಾಗಿದ್ದ. ತನ್ನ ಮಾವನ ಚಸ್ಮಾವನ್ನು ಆಯಿಯ ಮೂಗಿಗೇರಿಸಿ ಕೈಯಲ್ಲೊಂದು ಪುಸ್ತಕ ಕೊಟ್ಟ. ಆಯಿ ಅದನ್ನು ತಲೆಕೆಳಗಾಗಿ ಹಿಡಿದಳು. ತಿರುಗಿಸಿ ಕೊಟ್ಟ. ಆಯಿ ಚಸ್ಮಾದೊಳಗಿಂದ ಅಂಗಳ ನೋಡಿ, "ಅಯ್ಯ ಶಿವನೇ, ಕುರಿ ಎರಡೆರಡು ಕಾಣಸ್ಲತಾವಲ್ಲೋ! ತೆಗಿ ಇದನ್ನ!" ಎಂದು ಕಿತ್ತು ಅವನ ಮಡಿಲಿಗೆ ಹಾಕಿದಳು. "ನಾ ಬರ್ತೇನಿ. ಕರದವರ ಮನಸ್ಸು ಯಾಕ ಮುರೀಲಿ? ಆದ್ರ ಅಲ್ಲಿ ಏನು ಮಾತಾಡಬೇಕು ಅನ್ನೂದು ನನಗ ಬಿಡು. ನೀ ಗಡಿಯಾರದ ಪುಸ್ತಕ ತಾ."

ಬುಧವಾರ ಮೇಡಂ ಮತ್ತೆ ಫೋನ್ ಮಾಡಿದರು. "ಸನ್ಮಾನಪತ್ರ ತೆಗೀಲಿಕ್ಕ ಹೋದ್ರ ಸಾಫ್ಟ್‌ವೇರ್ ಕೊಡೂವಲ್ದು ನೋಡ್ರಿ. ಆಯಿ ಹೆಸರಿನಾಗ ಒಂದು ಪುಸ್ತಕ ಬಾಕಿ ಅದ, ಹನ್ನೊಂದು ವರ್ಷದಿಂದ. ‘ಮೂರನೇ ಸೊಸೆಯ ಗಡಿಯಾರ’ ಅಂತ. ಬರುವಾಗ ತರ್ರಿ."

ಆ ಪುಸ್ತಕ ಎಲ್ಲಿದೆಯೆಂದು ಶಿವಕಾಂತನಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅವನೇ ಒಯ್ದು, ಎಂದಿನಂತೆ ಭೀಮಬಾಯಿ ಹೆಸರಿಗೆ ಗೀಟು ಎಳೆದಿದ್ದ. ಓದಲು ಒಯ್ದಿರಲಿಲ್ಲ. ಹೆಂಡತಿ ಸಿದ್ದೇಶ್ವರಿಯ ಹೊಲಿಗೆ ಯಂತ್ರದ ಒಂದು ಕಾಲು ಗಿಡ್ಡ, ಅದರ ಕೆಳಗಿಡಲು ಒಯ್ದಿದ್ದ.

"ಅದನ್ನ ತೆಗೀಬ್ಯಾಡ್ರಿ!" ಎಂದು ಸಿದ್ದೇಶ್ವರಿ ಯಂತ್ರಕ್ಕೆ ಅಡ್ಡ ನಿಂತಳು. "ಪಂಚಾಯ್ತಿ ಅಧ್ಯಕ್ಷರ ಮನಿಯವರ ಜಂಪರ ಹೊಲೀಲತೀನಿ."

"ಇಟ್ಟಂಗಿ ಇಡ್ತೇನಿ," ಎಂದು ಅವನು ಅಂಗಳದ ಇಟ್ಟಿಗೆ ತೋರಿಸಿದ.

"ಇಟ್ಟಂಗಿ ಎತ್ತರ ಆಗ್ತದ. ಈ ಪುಸ್ತಕ ಬರೋಬರ್ ಅಳತಿ ಅದ. ಬರೆದವರು ನಮ್ಮ ಮಷಿನ್ ನೋಡೇ ಬರೆದಾರ."

ಅವನು ಎಳೆದೇಬಿಟ್ಟ. ಯಂತ್ರ ವಾಲಿತು, ಜಂಪರದ ತೋಳು ಬೆನ್ನಿಗೆ ಹತ್ತಿತು. ಅಧ್ಯಕ್ಷರ ಮನೆಯವರು ಬೀದರಕ್ಕೆ ಹಳೆಯ ಜಂಪರ ತೊಟ್ಟೇ ಬಂದರು, ಶಿವಕಾಂತನ ಕಡೆ ನೋಡಲಿಲ್ಲ.

ಶುಕ್ರವಾರ ಎರಡು ಕ್ರೂಜರ್ ಗಾಡಿ ತುಂಬ ಬೋರವಾಡಿ ಬೀದರಕ್ಕೆ ಹೊರಟಿತು. ಸಭಾಂಗಣದ ಪರದೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಭೀಮಬಾಯಿ, ಭೀಮಬಾಯಿ, ಭೀಮಬಾಯಿ ಎಂದು ಪಟ್ಟಿ ಇಳಿಯುತ್ತಿತ್ತು. ಧೊಂಡಿಬಾ ಮೊದಲ ಸಾಲಿನಲ್ಲಿ ಕೂತು ಪಕ್ಕದವರಿಗೆ, "ನಮ್ಮ ಖಾಸ ಅಕ್ಕ" ಎನ್ನುತ್ತಿದ್ದ. ದೊಡ್ಡ ಸಾಹೇಬರು ಶಾಲು ಹೊದಿಸಿದರು. ಆಯಿ ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ಉಣ್ಣಿ ಅಲ್ಲ, ಇರಲಿ" ಎಂದಳು. ಆಮೇಲೆ ಎಲೀನಾ ಮೇಡಂ ಮೈಕು ಹಿಡಿದು ಬಂದರು. "ಆಯಿ, ಇಷ್ಟೆಲ್ಲಾ ಓದೀರಿ. ನಿಮಗ ಭಾಳ ಸೇರಿದ್ದು ಯಾವುದ್ರಿ?"

ಆಯಿ ಮೈಕನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಅದರ ಅಗತ್ಯ ಇರಲಿಲ್ಲ.

"ನಾ ಒಂದೂ ಓದಿಲ್ಲ ಮಗಳೇ. ನನಗ ಅಕ್ಷರ ಬರೂದಿಲ್ಲ."

ಧೊಂಡಿಬಾ ಪಕ್ಕದವರ ಕಡೆ ಬಾಗಿ, "ದೂರದ ಸಂಬಂಧ ರೀ, ಭಾಳ ದೂರದ" ಎಂದ. ಸಾಹೇಬರ ಮುಖ ಶಿವಕಾಂತನ ಕಡೆ ತಿರುಗಿತು. ಯಾರೂ ಎಬ್ಬಿಸದೆಯೇ ಅವನು ಎದ್ದು ನಿಂತ. ಓಡೋಣವೆಂದರೆ ಬಾಗಿಲ ತುಂಬ ಅವನ ಊರವರೇ ನಿಂತಿದ್ದರು.

"ಮತ್ತ ಈ ಪಟ್ಟಿ?" ಎಂದರು ಸಾಹೇಬರು.

"ಅದು ಇಂವನ ಕೆಲಸ," ಎಂದಳು ಆಯಿ. "ಪುಸ್ತಕ ಕಳೀಬಾರದು ಅಂತ ನನ್ನ ಹೆಸರಿಗಿ ಬರೀತಿದ್ದ. ಮಂದಿ ಒಯ್ತಿದ್ರು, ನನಗ ತಂದು ಕೊಡ್ತಿದ್ರು. ನೀವೇ ಹೇಳ್ರಿ, ನನ್ನ ಹೆಸರಿಗಿ ಅದ ಅಂದ ಮ್ಯಾಲ ಅದರ ಒಳಗ ಏನದ ಅಂತ ನನಗ ಗೊತ್ತಿರಬೇಕೋ ಬ್ಯಾಡೋ? ನಾಳಿ ಯಾರರೆ ಕೇಳಿದ್ರ ಏನು ಹೇಳ್ಲಿ? ಅದಕ್ಕ ಯಾರು ತಂದ್ರೂ, ಕೂಡು, ಒಳಗಿಂದು ಪೂರಾ ಹೇಳು, ಆಮ್ಯಾಲ ಬುಟ್ಟಿಗಿ ಹಾಕು ಅಂತಿದ್ದೆ. ಪೂರಾ ಹೇಳ್ದವರದು ಜಮಾ. ಅರ್ಧ ಹೇಳ್ದವರು ಮನಿಗಿ ಹೋಗಿ ಓದ್ಕೊಂಡು ಬರಬೇಕು."

"ನನ್ನ ಮೂರು ಸಲ ವಾಪಸ್ ಕಳಸ್ಯಾರ್ರಿ ಸಾಬ್!" ಎಂದು ಖಾಜಾ ಮಿಯಾ ಬಾಗಿಲಿನಿಂದ ಕೂಗಿದ.

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಒಂದು ಹೆಸರು ಓದಿದರು, ಜೇನು ಸಾಕುವ ಬಗ್ಗೆ ಬರೆದ ಪುಸ್ತಕ.

"ಹಮೀದುನ್ನಿಸಾ ಹೇಳ್ಯಾಳ. ರಾಣಿ ಹುಳ ಸತ್ರ ಉಳಿದ ಹುಳ ಹ್ಯಾಂಗ ಹೊಸ ರಾಣಿ ಮಾಡ್ಕೋತಾವ ಅಂತ ಅದರಾಗ ಅದ. ಕೇಳಿ ನನಗೇ ಕಣ್ಣಾಗ ನೀರು ಬಂತು. ಆಕಿ ಈಗ ಎರಡು ಪೆಟ್ಟಿಗಿ ಇಟ್ಟಾಳ."

ಸಾಹೇಬರು ಇನ್ನೊಂದು ಓದಿದರು, ಪತ್ತೇದಾರಿ ಕಾದಂಬರಿ.

"ಅದರಾಗ ಕೊಲಿ ಮಾಡಿದಾಂವ ಡಾಕ್ಟರ. ಖಾಜಾ ಮಿಯಾ ಕಂಪೌಂಡರ ಅಂತ ಹೇಳ್ದ, ನನಗ ಹೊಂದಲಿಲ್ಲ. ಕಡೀ ಹಾಳಿ ಓದದೇ ಬಂದಿದ್ದ ಭಾಡ್ಯಾ."

ಸಭೆಯ ನಡುವಿನಿಂದ ಯಾರೋ ನರಳಿದರು: "ಅಯ್ಯೋ, ನಾ ಅದನ್ನ ಇನ್ನಾ ಓದ್ಲತೀನಿ!"

ನಗೆ ಎದ್ದಿತು, ಚಪ್ಪಾಳೆ ಬಿತ್ತು. ಒಂದಾದ ಮೇಲೊಂದು ಹೆಸರು ಕೇಳಿದರು, ಆಯಿ ಹೇಳುತ್ತ ಹೋದಳು. ಕುರಿಗಳ ಮುಖವನ್ನೂ ಆ ಕುರಿಗಳ ತಾಯಂದಿರ ಮುಖವನ್ನೂ ನೆನಪಿಟ್ಟವಳಿಗೆ ಕಥೆ ನೆನಪಿಡುವುದು ಯಾವ ಲೆಕ್ಕ? ಧೊಂಡಿಬಾ ಮತ್ತೆ ಖಾಸ ತಮ್ಮನಾಗಿದ್ದ.

"ಒಂದು ಮಾತ್ರ ಗೊತ್ತಿಲ್ಲ ನನಗ," ಎಂದಳು ಆಯಿ ಕಡೆಗೆ. "ಆ ಗಡಿಯಾರದ್ದು. ಹನ್ನೊಂದು ವರ್ಷ ಆಯ್ತು, ಯಾರೂ ಬಂದು ಹೇಳೇ ಇಲ್ಲ." ಅವಳು ಶಿವಕಾಂತನ ಕಡೆ ನೋಡಲಿಲ್ಲ, ಹೆಸರೂ ಹೇಳಲಿಲ್ಲ. ಓಣಿಯಲ್ಲಾಗಿದ್ದರೆ ಅವನ ಅಪ್ಪನ ಹೆಸರೂ ಸೇರಿಸಿ ಕೂಗುತ್ತಿದ್ದಳು. ಪರ ಊರಿನಲ್ಲಿ ಅವನ ಮಾನ ಕಾಯುತ್ತಿದ್ದಾಳೆಂದು ಶಿವಕಾಂತನಿಗೆ ಹೊಳೆಯಿತು.

ಅವನು ಚೀಲದಿಂದ ಪುಸ್ತಕ ತೆಗೆದು ಎತ್ತಿ ಹಿಡಿದ. ರಟ್ಟಿನ ಮೇಲೆ ಯಂತ್ರದ ಕಾಲಿನ ಗುಂಡಗಿನ ತಗ್ಗು ಎಲ್ಲರಿಗೂ ಕಂಡಿತು. "ನಾನೇ ಒಯ್ದೀನ್ರಿ. ಓದಿಲ್ಲ. ಮಷಿನ್ ಕೆಳಗ ಇಟ್ಟಿದ್ದೆ. ಹದಿನಾಲ್ಕು ವರ್ಷದಾಗ ನಾ ಒಂದೂ ಪುಸ್ತಕ ಓದಿಲ್ರಿ. ಆಯಿದು ತಪ್ಪಿಲ್ಲ, ಸಾಫ್ಟ್‌ವೇರಿಂದೂ ತಪ್ಪಿಲ್ಲ. ನಂದೇ ಎಲ್ಲಾ. ಏನು ಶಿಕ್ಷಾ ಕೊಡ್ತೀರಿ ನನಗ ಕೊಡ್ರಿ, ಗ್ರಂಥಾಲಯ ಮುಚ್ಚಬ್ಯಾಡ್ರಿ."

ಸಾಹೇಬರು ಪುಸ್ತಕ ಇಸಿದುಕೊಂಡು ಅದರ ತಗ್ಗಿನಲ್ಲಿ ಬೆರಳಿಟ್ಟು ನೋಡಿದರು. ಮೇಡಂ ಅವರ ಕಿವಿಯಲ್ಲಿ ಏನೋ ಹೇಳಿದರು. ಸಾಹೇಬರು ತಲೆ ಆಡಿಸಿ, "ಪುಸ್ತಕ ಹೋದದ್ದು, ಬಂದದ್ದು ಎಲ್ಲಾ ಊರಿನವರೂ ಬರೆದಾರ," ಎಂದರು. "ಓದಿದರೋ ಇಲ್ಲೋ ಅಂತ ಎಲ್ಲೂ ಗೊತ್ತಿಲ್ಲ. ಬೋರವಾಡಿದಾಗ ಅದಕ್ಕ ಸಾಕ್ಷಿ ಅದ, ಇಲ್ಲೇ ಕೂತದ. ಗ್ರಂಥಾಲಯ ಇರಲಿ. ಆದ್ರ ಶಿವಕಾಂತ, ಒಂದು ತಿಂಗಳದಾಗ ಒಂದೊಂದು ಪುಸ್ತಕಕ್ಕೂ ಓದಿದವರ ಖರೇ ಹೆಸರು ಹಾಕಬೇಕು."

ಶಿವಕಾಂತ ಕೈ ಮುಗಿದ. "ರಿಜಿಸ್ಟರಿನಾಗ ಬರೇ ಗೀಟು ಅವ ರೀ. ಈಗ ಯಾರಿಗಿ ಗೊತ್ತು?"

"ನನಗ ಗೊತ್ತದ," ಎಂದಳು ಆಯಿ. "ನಾಳಿ ಕಟ್ಟಿಗಿ ಬಾ. ನಾ ಹೇಳ್ತೇನಿ, ನೀ ಒತ್ತು."

ಇಪ್ಪತ್ತೆರಡು ದಿನ ಶಿವಕಾಂತ ಲ್ಯಾಪ್‌ಟಾಪ್ ಹಿಡಿದು ಆ ಕಟ್ಟೆಯ ಮೇಲೆ ಕೂತ. ಅವನು ಪುಸ್ತಕದ ಹೆಸರು ಓದುವುದು, ಆಯಿ ನೂಲುತ್ತ ಒಯ್ದವರ ಹೆಸರು ಹೇಳುವುದು. ಎಳೆಯುವ ವಿದ್ಯೆ ಈ ಸಲ ಉಪಯೋಗಕ್ಕೆ ಬರಲಿಲ್ಲ, ಒಂದೊಂದನ್ನೂ ಒತ್ತಬೇಕಾಯಿತು. ಹನುಮಂತ ದೇವರಿಗೆ ಪ್ರದಕ್ಷಿಣೆ ನಿಂತಿತು, ಪೂಜಾರಿಗೆ ಬೇಜಾರಾಯಿತು. ಒಂದೇ ಇದ್ದ ಓದುಗರ ಸಂಖ್ಯೆ ಇನ್ನೂರ ಎಂಬತ್ತಾರಕ್ಕೆ ಏರಿತು. ಬೀದರದಿಂದ ಎಲೀನಾ ಮೇಡಂ ದಿನಾ ಸಂಜೆ ಫೋನ್ ಮಾಡಿ ಎಣಿಕೆ ಕೇಳುತ್ತಿದ್ದರು, ಆಮೇಲಾಮೇಲೆ ಎಣಿಕೆ ಬಿಟ್ಟು ಕಥೆಯನ್ನೇ ಕೇಳತೊಡಗಿದರು.

ಕೊನೆಗೆ ಒಂದು ಸಾಲು ಉಳಿಯಿತು.

"ಹೆಸರು ಬರಿ, ಶಿವಕಾಂತ ಅಂತ," ಎಂದಳು ಆಯಿ. "ಈಗ ಹೇಳು."

ಶಿವಕಾಂತ ಅದನ್ನು ಓದಿದ್ದ. ನಾಲ್ಕು ರಾತ್ರಿ ಹಿಡಿದಿತ್ತು. ಮೂರನೇ ಸೊಸೆ ನಿಂತ ಗಡಿಯಾರವನ್ನೇ ತವರಿನಿಂದ ತಂದದ್ದು, ಅತ್ತೆ ಅದನ್ನು ತಿಪ್ಪೆಗೆಸೆದದ್ದು, ಎಲ್ಲ ಹೇಳಿದ. ಹಮೀದುನ್ನಿಸಾ ಕೂತು ಕೇಳಿದಳು, ಖಾಜಾ ಮಿಯಾ ಹೋಟೆಲು ಬಿಟ್ಟು ಬಂದು ಕೇಳಿದ. ನಡುವೆ ಆಯಿ ಕೈ ಎತ್ತಿದಳು. "ಎರಡನೇ ಸೊಸಿ ಎಲ್ಲಿ ಹೋದ್ಲೋ?"

ಶಿವಕಾಂತ ತಲೆ ಕೆರೆದುಕೊಂಡ. ನಿದ್ದೆ ಬಂದು ಹತ್ತು ಪುಟ ಹಾರಿಸಿದ್ದ.

"ಹೋಗು ಮನಿಗಿ."

ಹೋದ, ಓದಿದ, ಮರುದಿನ ಬಂದು ಪೂರಾ ಹೇಳಿದ. ಆಯಿ ತಕಲಿ ನಿಲ್ಲಿಸಿ, ಆ ತಗ್ಗು ಬಿದ್ದ ರಟ್ಟನ್ನು ಒರಟು ಕೈಯಿಂದ ಸವರಿ, ಬುಟ್ಟಿಯಲ್ಲಿಟ್ಟಳು. "ಜಮಾ," ಎಂದಳು. "ಇಂಥಾ ಚಂದದ ಕಥಿ ಹನ್ನೊಂದು ವರ್ಷ ತುಳಿಸಿದೆಲ್ಲೋ ಹುಚ್ಚಪ್ಪ."

"ನೀ ಇರ್ಲಿಲ್ಲ ಅಂದ್ರ ನಾ ಇರ್ತಿರ್ಲಿಲ್ಲ ಆಯಿ," ಎಂದು ಶಿವಕಾಂತ ಅವಳ ಕಾಲು ಮುಟ್ಟಿದ.

"ಕಾಲು ಬಿಡು, ನೂಲು ಹರೀತದ. ಮುಂದಿನ ಸೋಮವಾರಕ್ಕ ಮತ್ತೊಂದು ತಾ."

ಅವತ್ತು ಸಂಜೆ ಅವನು ಕಂಕುಳಲ್ಲಿ ಒಂದು ಪುಸ್ತಕ ಇಟ್ಟುಕೊಂಡು ಮನೆಗೆ ಹೋದ. ವಾಲಿದ ಯಂತ್ರದ ಮುಂದೆ ಕೂತಿದ್ದ ಸಿದ್ದೇಶ್ವರಿಯ ಮುಖ ಅರಳಿತು. ಎದ್ದು ಬಂದು ಪುಸ್ತಕ ಇಸಿದುಕೊಂಡು, ಬೆರಳಿನಿಂದ ಅದರ ದಪ್ಪ ಅಳೆದು, ಮುಖ ಸಣ್ಣದು ಮಾಡಿದಳು.

"ಇದು ತೆಳ್ಳಗ ಅದ್ರಿ. ಮಷಿನಿಗಿ ಸಾಲೂದಿಲ್ಲ."

"ಮಷಿನಿಗಿ ಅಲ್ಲ," ಎಂದ ಶಿವಕಾಂತ. "ನನಗ."